ಯಾವೂರ ನೀರು?

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಗದಗ ಜಿಲ್ಲೆಯ ಮುಂಡರಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಹಿತ್ತಾಳೆ ತಂಬಿಗೆಯಲ್ಲಿ ನೀರು, ಸಣ್ಣ ತಾಟಿನಲ್ಲಿ ಬೆಲ್ಲದ ಚೂರು ತಂದು ಇಡುತ್ತಿದ್ದಳು. ಬಂದವರು ಬೀಗರಿರಲಿ, ದಾರಿಹೋಕರಿರಲಿ, ಗಂಟಲು ತಣ್ಣಗಾಗುವ ತನಕ ಯಾರೂ ಏನೂ ಕೇಳುತ್ತಿರಲಿಲ್ಲ. ತಂಬಿಗೆ ಕೆಳಗಿಟ್ಟು ಮೀಸೆ ಒರೆಸಿಕೊಂಡ ಮೇಲೆ ಅಜ್ಜಿಯ ಮೊದಲ ಮಾತು, "ಯಾವೂರಪಾ ನಿಮ್ಮದು?"

ಪುಣೆಯ ಸದಾಶಿವ ಪೇಠದಲ್ಲಿ ಸಂಸಾರ ಹೂಡಿ ನನಗೀಗ 32 ವರ್ಷ. ಪೇಠ ಅಂದರೆ ನಮ್ಮ ಪೇಟೆಯೇ. 1761ರಲ್ಲಿ ಪಾಣಿಪತದ ಕಾಳಗದಲ್ಲಿ ಮಡಿದ ಸದಾಶಿವರಾವ ಭಾವೂನ ಹೆಸರು ಹೊತ್ತ ಪೇಟೆ. ನಾವು ಬಾಡಿಗೆಗೆ ಬಂದಾಗ ಅಂಗಳದಲ್ಲಿ ಬಾವಿಯಿದ್ದ ವಾಡೆ ಇದು. ಈಗ ಅದೇ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ಬಾವಿಯ ಬಾಯಿಗೆ ಕಾಂಕ್ರೀಟು ಬಿದ್ದಿದೆ. ಮೇಲಿನ ಅಂತಸ್ತಿನಲ್ಲಿ ಲಾತೂರು, ಬೀಡ, ಸೋಲಾಪುರದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗರು, ಕೆಳಗೆ ತೊಂಬತ್ತರ ಹತ್ತಿರ ಬಂದ ಒಬ್ಬ ಆಜೋಬಾ, ನಡುವೆ ನಾವು. ಬೇಸಿಗೆ ಬಂತೆಂದರೆ ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯ ಕೆಳಗೆ ಮಣ್ಣಿನ ಗಡಿಗೆ ಇಡುತ್ತಾಳೆ. ಇಲ್ಲಿಯವರು ಅದಕ್ಕೆ ಮಾಠ ಅನ್ನುತ್ತಾರೆ, ಅವಳು ಇವತ್ತಿಗೂ ಹರವಿ ಅಂತಲೇ ಅನ್ನುತ್ತಾಳೆ. ಅದರೊಳಗೆ ಅರಿವೆಯಲ್ಲಿ ಕಟ್ಟಿದ ಲಾವಂಚದ ಬೇರಿನ ಸಣ್ಣ ಗಂಟು.

ಅಂಥ ಒಂದು ಏಪ್ರಿಲ್ ಮಧ್ಯಾಹ್ನ ಅಣ್ಣನ ಮಗ ಬಂದ. ಗದಗದಲ್ಲಿ ಅವನದೊಂದು ಚಿಕ್ಕ ವ್ಯಾಪಾರವಿತ್ತು, ಅದು ಕೈಹಿಡಿಯಲಿಲ್ಲ. ಹೊಸದಾಗಿ ಶುರುವಾದ ಒಂದು ನೀರಿನ ಕಂಪನಿ ಪುಣೆಯ ಹಳೇ ಪೇಠಗಳಿಗೆ ಏಜೆಂಟರನ್ನು ಹುಡುಕುತ್ತಿದೆ ಅಂತ ಯಾರೋ ಹೇಳಿದರಂತೆ. ಹೆಗಲ ಮೇಲೆ ಒಂದು ಪೆಟ್ಟಿಗೆ ಹೊತ್ತು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನಿಂತ. ಹೆಂಡತಿ ಹರವಿಯಿಂದ ನೀರು ಬಗ್ಗಿಸಿ ತಂದಳು.

"ತಡಿರಿ ಕಾಕೂ, ಇವತ್ತ ನಾನ ನಿಮಗ ನೀರ ಕುಡಸ್ತೀನಿ" ಅಂದ.

ಪೆಟ್ಟಿಗೆಯಲ್ಲಿ 12 ಗಾಜಿನ ಬಾಟಲಿ. ಒಂದೊಂದರಲ್ಲಿ 750 ಮಿಲಿಲೀಟರ್. ಅವನು ಒಂದನ್ನು ಫ್ರಿಜ್ಜಿನಲ್ಲಿಟ್ಟು, ಅರ್ಧ ತಾಸು ಬಿಟ್ಟು ಹೊರಗೆ ತೆಗೆದ. ನಾನು ಕೈಯಲ್ಲಿ ಹಿಡಿದು ನೋಡಿದೆ. ಭಾರವಿತ್ತು. ತಳ ಎರಡು ಬೆರಳು ದಪ್ಪ. ಅಲ್ಲಿ ಕಿಟಕಿಯ ಬೆಳಕು ಮುರಿದು ನೀಲಿ ಗೆರೆಯಾಗಿ ನಿಂತಿತ್ತು. ಹೊರಗೆಲ್ಲ ಸಣ್ಣ ಹನಿ ಕಟ್ಟಿ, ಒಂದು ಹನಿ ಇನ್ನೊಂದನ್ನು ಕೂಡಿಕೊಂಡು ಕೆಳಗೆ ಜಾರುತ್ತಿತ್ತು. ಲೇಬಲ್ಲಿನ ಮೇಲೆ ಮಂಜು ಹೊದ್ದ ಬೆಟ್ಟ, ಬೆಟ್ಟದ ಸಂದಿನಿಂದ ಇಳಿಯುವ ಬೆಳ್ಳಿ ಬಣ್ಣದ ತೊರೆ. ಲೋಹದ ಮುಚ್ಚಳ ತಿರುಗಿಸಿದಾಗ ಕಟಕ್ ಎಂದು ಸೀಲು ಹರಿಯಿತು. ಆ ಸಪ್ಪಳಕ್ಕೆ ಒಂದು ಭರವಸೆಯಿದೆ. ನಿನಗಿಂತ ಮೊದಲು ಇದನ್ನು ಯಾರೂ ಮುಟ್ಟಿಲ್ಲ ಎಂದು ಹೇಳುವ ಸಪ್ಪಳ ಅದು.

ಕುಡಿದೆ. ನೀರು ಚೆನ್ನಾಗಿತ್ತು. ನಾಲಗೆಯ ಮೇಲೆ ಹಗುರ, ಗಂಟಲಲ್ಲಿ ಮೆತ್ತಗೆ. ಕ್ಲೋರಿನ್ನಿನ ವಾಸನೆ ಇಲ್ಲ, ಉಪ್ಪಿಲ್ಲ, ಒಗರಿಲ್ಲ. ಹೆಂಡತಿ ಎರಡು ಗುಟುಕು ಕುಡಿದು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. "ಛಲೋ ಐತಿ. ಆದ್ರ ಯಾವೂರ ನೀರೋ ತಮ್ಮಾ ಇದು?" ಅಂದಳು.

ಅವನಿಗೆ ಉತ್ತರ ಗೊತ್ತಿರಲಿಲ್ಲ. "ಬೆಟ್ಟದ್ದರಿ ಕಾಕೂ, ಚಿತ್ರ ಐತಲ್ಲ" ಅಂದ.

ಅವನ ಚೀಲದಲ್ಲಿ ಪೆನ್ನಿನ ಗಾತ್ರದ ಟಿಡಿಎಸ್ ಮೀಟರಿತ್ತು. ಗಿರಾಕಿಗಳಿಗೆ ತೋರಿಸಲೆಂದು ಕಂಪನಿಯವರೇ ಕೊಟ್ಟದ್ದು. ಬಾಟಲಿಯ ನೀರಿನಲ್ಲಿ ಅದ್ದಿದ, 94 ಬಂತು. ನಮ್ಮ ನಳದ ನೀರಿನಲ್ಲಿ ಅದ್ದಿದ, 108. ಅವನ ಮುಖ ಸಣ್ಣದಾಯಿತು. ಖಡಕವಾಸಲಾ, ಪಾನಶೇತ್, ವರಸಗಾವ್, ಟೇಮಘರ್ ಜಲಾಶಯಗಳಿಂದ ಈ ಊರಿಗೆ ಬರುವ ನೀರು ಸಹ್ಯಾದ್ರಿಯ ಮಳೆನೀರೇ, ಮೊದಲಿನಿಂದಲೂ ಮೆದು ನೀರು. ಆ ಲೆಕ್ಕದಲ್ಲಿ ಬೆಟ್ಟದ ನೀರು ನಮ್ಮ ನಳದಲ್ಲೇ ಬರುತ್ತದೆ.

ಆದರೆ ಆ ಮೀಟರು ಹೇಳುವುದು ಬಹಳ ಕಡಿಮೆ. ನೀರಿನಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಕರಗಿದ ಲವಣ ಸುಮಾರು ಇಷ್ಟಿರಬಹುದು ಎಂದು ಅಂದಾಜು ತೋರಿಸುತ್ತದೆ, ಅಷ್ಟೇ. ಯಾವ ಲವಣ ಎಂದು ಹೇಳುವುದಿಲ್ಲ. ರೋಗಾಣು ಇದೆಯೋ ಇಲ್ಲವೋ ಎಂಬುದಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. 2025ರ ಜನವರಿಯಲ್ಲಿ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ ಗಾವ್ ಕಡೆ ಗಿಲನ್ ಬಾರೆ ಸಿಂಡ್ರೋಮ್ ಹಬ್ಬಿತು. ನಿನ್ನೆ ಓಡಾಡುತ್ತಿದ್ದವರ ಕೈಕಾಲು ಇವತ್ತು ಮೇಲೇಳಲಿಲ್ಲ. ಶಂಕಿತ ರೋಗಿಗಳ ಲೆಕ್ಕ 200 ದಾಟಿತು, ಕೆಲವರು ತೀರಿಹೋದರು. ಕೆಟ್ಟ ನೀರಿನ ಮೇಲೆ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಬಿತ್ತು. ಆ ತಿಂಗಳು ನಮ್ಮ ಓಣಿಯಲ್ಲೂ ಎಲ್ಲರ ಮನೆಯಲ್ಲಿ ನೀರು ಕುದಿಯುತ್ತಿತ್ತು. ಕಿರಾಣಿ ಅಂಗಡಿಯ ಮುಂದೆ 20 ಲೀಟರಿನ ಕ್ಯಾನುಗಳು ಸಂಜೆಯಾಗುವುದರೊಳಗೆ ಖಾಲಿ. ಬಾಟಲಿ ನೀರು ಕೊಳ್ಳುವವರನ್ನು ಶೋಕಿಯವರು ಎಂದು ನಾನು ಅವತ್ತಿನಿಂದ ಅನ್ನುವುದಿಲ್ಲ. ಹೆದರಿಕೆಯಿಂದ ಕೊಳ್ಳುವ ತಾಯಂದಿರನ್ನು ಕಣ್ಣಾರೆ ನೋಡಿದ್ದೇನೆ.

ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿದ್ದ ಇನ್ನೊಂದು ಮಾತು ‘ಖನಿಜಭರಿತ’. ಆ ಪದ ಓದಿದಾಗ ನನ್ನ ನಾಲಗೆ ತಾನಾಗಿಯೇ ಮುಂಬಲ್ಲಿನ ಹಿಂಬದಿ ಸವರಿತು. ಫ್ಲೋರೈಡ್ ಕೂಡ ಖನಿಜವೇ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಸಿಗದಿದ್ದರೆ 1.5ರ ತನಕ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನಕ. ನಮ್ಮ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಆ ಗೆರೆಯನ್ನು ಎಂದೋ ದಾಟಿತ್ತು. ಆ ನೀರು ಕುಡಿದು ಬೆಳೆದ ನನ್ನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ನನ್ನ ಸೋದರಮಾವನ ಮೊಣಕಾಲು ನಲವತ್ತಕ್ಕೇ ಬಿಗಿದುಕೊಂಡವು. ಜಾತ್ರೆಯಲ್ಲಿ ಹಿರಿಯರು ಹುಡುಗರ ಹಲ್ಲು ನೋಡಿ, ಇಂಥ ಊರಿನವ ಅಂತ ಹೇಳಿಬಿಡುತ್ತಿದ್ದರು. ಕುಡಿದ ನೀರು ಮನುಷ್ಯನ ಮೈಯಲ್ಲಿ ತನ್ನ ಊರಿನ ಹೆಸರು ಬರೆಯುತ್ತದೆ. ಅದನ್ನು ನಾನು ಕನ್ನಡಿಯಲ್ಲಿ ದಿನವೂ ಓದುತ್ತೇನೆ. ಆಮೇಲೆ ಹಳ್ಳಿ ಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದವು. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ನಮ್ಮೂರಿನ ಘಟಕದ ಮುಂದೆ ಮೊದಲ ಸಲ ಆ ನೀರು ಕುಡಿದ ನನ್ನ ಅಣ್ಣ, "ನೀರಿಗೆ ರುಚಿನ ಇಲ್ಲಲ್ಲೋ" ಅಂದಿದ್ದ. ಅವನ ಮೊಮ್ಮಕ್ಕಳ ಹಲ್ಲು ಈಗ ಬೆಳ್ಳಗಿವೆ.

ಸಂಜೆ ಕೆಳಗಿನ ಆಜೋಬಾರನ್ನು ಕರೆದೆವು. ಅವರ ಆಯುಷ್ಯ ಕಳೆದದ್ದು ಹಳೇ ಕಾಗದಗಳಲ್ಲಿ. ಇತಿಹಾಸಾಚಾರ್ಯ ರಾಜವಾಡೆ ಮುಂದಾಗಿ 1910ರಲ್ಲಿ ಹುಟ್ಟುಹಾಕಿದ ಭಾರತ ಇತಿಹಾಸ ಸಂಶೋಧಕ ಮಂಡಳ ನಮ್ಮ ಪೇಠದಲ್ಲೇ ಇದೆ. ಅಲ್ಲಿ ಮೋಡಿ ಲಿಪಿಯ ಕಾಗದ ಓದುವುದನ್ನು ರೂಢಿಸಿಕೊಂಡವರು. ಬಾಟಲಿ ಕೈಗೆ ಕೊಟ್ಟರೆ ಬೆಟ್ಟದ ಚಿತ್ರ ನೋಡಲೇ ಇಲ್ಲ. ಹಿಂದಕ್ಕೆ ತಿರುಗಿಸಿ, ಜೇಬಿನಿಂದ ಭೂತಗನ್ನಡಿ ತೆಗೆದು, ಸಾಸಿವೆಗಿಂತ ಸಣ್ಣ ಅಕ್ಷರಗಳ ಮೇಲೆ ಹಿಡಿದರು. ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದರು. ಗಟ್ ನಂಬರ್ ಇಷ್ಟು, ಗ್ರಾಮ ಇಂಥದು, ತಾಲೂಕು ಇಂಥದು. ಪಕ್ಕದಲ್ಲಿ ಐಎಸ್ 14543.

ಅಲ್ಲಿಗೆ ಹೆಂಡತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಾಟಲಿಗೆ ಒಂದು ಊರಿತ್ತು. ಮಂಜಿನ ಬೆಟ್ಟ ಅಂಗೈಯಗಲ, ಊರಿನ ಹೆಸರು ಕೂದಲೆಳೆಯಷ್ಟು.

ಆ ನಂಬರಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಈ ವ್ಯಾಪಾರದ ಪ್ರಾಣ ಅಲ್ಲಿದೆ. ನಮ್ಮ ದೇಶದಲ್ಲಿ ಬಾಟಲಿ ನೀರಿಗೆ ಎರಡು ಮಾನಕ. ಐಎಸ್ 14543 ಅಂದರೆ ಪ್ಯಾಕ್ ಮಾಡಿದ ಕುಡಿಯುವ ನೀರು. ಕೊಳವೆಬಾವಿಯದಿರಲಿ, ನಳದ್ದಿರಲಿ, ಸೋಸಿ, ಆರ್‌ಒ ದಾಟಿಸಿ, ಓಝೋನ್ ಅಥವಾ ಅಲ್ಟ್ರಾವಯೊಲೆಟ್‌ನಿಂದ ರೋಗಾಣು ಕೊಂದು, ಬೇಕಾದರೆ ಹೊರಗಿನಿಂದ ಖನಿಜ ಬೆರೆಸಿ ತುಂಬಬಹುದು. ಐಎಸ್ 13428 ಅಂದರೆ ನೈಸರ್ಗಿಕ ಮಿನರಲ್ ವಾಟರ್. ಒರತೆಯಲ್ಲಿ, ನೆಲದ ಪದರಿನಲ್ಲಿ ಹುಟ್ಟಿದ ನೀರನ್ನು ಮೂಲದ ಹತ್ತಿರವೇ ತುಂಬಬೇಕು. ಅದರ ಹುಟ್ಟುಗುಣ ಕೆಡಿಸಬಾರದು. ಮೊದಲನೆಯದು ಮಾಡಿದ ನೀರು, ಎರಡನೆಯದು ಸಿಕ್ಕ ನೀರು. ಎರಡೂ ಒಳ್ಳೆಯ ನೀರೇ ಆಗಿರಬಹುದು. ಜನ ಎರಡನ್ನೂ ಮಿನರಲ್ ವಾಟರ್ ಅನ್ನುತ್ತಾರೆ, ಎರಡಕ್ಕೂ ಬಿಸ್ಲೇರಿ ಎಂದು ಕರೆಯುತ್ತಾರೆ. ನಮ್ಮ ಹುಡುಗ ತಂದದ್ದು ಮೊದಲನೆಯದು. ಅದರ ಮೇಲಿನ ಚಿತ್ರ ಎರಡನೆಯದರದು.

ಇಷ್ಟು ಹೊತ್ತು ಸುಮ್ಮನಿದ್ದ ಆಜೋಬಾ ಆಗ ಅಕ್ಬರನ ಕಥೆ ತೆಗೆದರು. ಅಬುಲ್ ಫಜಲ್ ಐನೆ ಅಕ್ಬರಿಯಲ್ಲಿ ಬರೆದಿಟ್ಟದ್ದು. ಬಾದಶಹ ಅರಮನೆಯಲ್ಲಿದ್ದರೂ ದಂಡಿನಲ್ಲಿದ್ದರೂ ಕುಡಿಯುತ್ತಿದ್ದದ್ದು ಗಂಗೆಯ ನೀರು. ಆಗ್ರಾ, ಫತೇಪುರ ಸಿಕ್ರಿಯಲ್ಲಿದ್ದರೆ ಸೋರೋಂನಿಂದ, ಪಂಜಾಬದ ಕಡೆ ಹೋದರೆ ಹರಿದ್ವಾರದಿಂದ. ನದಿಯ ದಂಡೆಯಲ್ಲಿ ನಂಬಿಗಸ್ತರನ್ನು ನಿಲ್ಲಿಸಿ, ಕೊಡ ತುಂಬಿಸಿ, ಬಾಯಿಗೆ ಮುದ್ರೆ ಒತ್ತಿಸಿ ತರಿಸುತ್ತಿದ್ದರಂತೆ. ಸೀಲು ಮಾಡಿದ ನೀರು ನಾಲ್ಕು ಶತಮಾನದಷ್ಟು ಹಳೆಯ ಸಂಗತಿ. ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 1902ರಲ್ಲಿ ಲಂಡನ್ನಿನ ಪಟ್ಟಾಭಿಷೇಕಕ್ಕೆ ಹೋದಾಗ, ಒಂದೊಂದೂ ಸುಮಾರು 4,000 ಲೀಟರ್ ಹಿಡಿಯುವ ಬೆಳ್ಳಿಯ ಹಂಡೆಗಳಲ್ಲಿ ಗಂಗೆಯನ್ನು ಹಡಗೇರಿಸಿಕೊಂಡು ಹೋದ. ಆ ಹಂಡೆಗಳನ್ನು ಜಯಪುರದ ಅರಮನೆಯಲ್ಲಿ ಈಗಲೂ ನೋಡಬಹುದು.

ಕೇಳುತ್ತಿದ್ದಂತೆ ನನಗೆ ನಮ್ಮ ಮನೆಯ ದೇವರ ಗೂಡು ನೆನಪಾಯಿತು. ಮುತ್ತಜ್ಜ ಕಾಶಿಯಿಂದ ತಂದ ತಾಮ್ರದ ಗಿಂಡಿ ಅಲ್ಲಿತ್ತು, ಬಾಯಿ ಬೆಸುಗೆ ಹಾಕಿದ್ದು. ಅಲ್ಲಾಡಿಸಿದರೆ ಒಳಗೆ ನೀರು ತುಳುಕುವ ಸಪ್ಪಳ. ಅದನ್ನು ಒಡೆದದ್ದು ಅಜ್ಜಿಯ ಕೊನೆಯ ರಾತ್ರಿ, ಅವಳ ಬಾಯಿಗೆ ಎರಡು ಹನಿ ಬಿಡಲು. ಬೇಸಿಗೆಯಲ್ಲಿ ಎಷ್ಟೇ ನೀರಡಿಕೆಯಾದರೂ ಅದನ್ನು ಮುಟ್ಟುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅದರ ಬೆಲೆ ಅಷ್ಟೂ ಅದರ ಊರಿನಲ್ಲಿತ್ತು. ಕಾಶಿಯದು ಎಂಬ ಒಂದು ಮಾತು ತೆಗೆದರೆ ಆ ಗಿಂಡಿಯಲ್ಲಿ ಉಳಿಯುವುದು ಬರೀ ಹಳೇ ನೀರು.

ಸದಾಶಿವ ಪೇಠಕ್ಕೂ ಅಂಥದೊಂದು ಊರಿನ ನೀರಿತ್ತು. ನಾನಾಸಾಹೇಬ ಪೇಶವೆ 18ನೆಯ ಶತಮಾನದ ನಡುವಿನಲ್ಲಿ ಕಾತ್ರಜದ ಕೆರೆಯಿಂದ ಊರಿನೊಳಗೆ ನೀರು ತರಿಸಿದ. ನೆಲದಡಿ ಕಟ್ಟಿದ ಕಾಲುವೆ, ಪಂಪಿಲ್ಲ, ಯಂತ್ರವಿಲ್ಲ. ಇಳಿಜಾರೇ ನೀರನ್ನು ಎಂಟು ಕಿಲೋಮೀಟರ್ ದೂರ ನಡೆಸುತ್ತಿತ್ತು. ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳು. ಅವಕ್ಕೆ ಉಚ್ಛ್ವಾಸ ಎಂದು ಹೆಸರು. ಕಾಲುವೆ ಉಸಿರಾಡುವ ಮೂಗು. ಕೊನೆಗೆ ನೀರು ಬಂದು ನಿಲ್ಲುತ್ತಿದ್ದದ್ದು ತೊಟ್ಟಿಗಳಲ್ಲಿ. ತೊಟ್ಟಿಗೆ ಇಲ್ಲಿ ಹೌದು ಎನ್ನುತ್ತಾರೆ. ಕಾಳಾ ಹೌದು, ಬದಾಮಿ ಹೌದು, ಸದಾಶಿವ ಪೇಠ ಹೌದು. ಕೆಲವದರ ಹೆಸರು ಚೌಕಗಳಿಗೆ ಅಂಟಿಕೊಂಡು ಉಳಿದಿದೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಖಡಕವಾಸಲಾವೂ ಹರಿದುಹೋಗಿ, ನಳಗಳು ಬತ್ತಿದಾಗ ಜನ ಹಳೇ ಬಾವಿ, ಹೌದುಗಳ ಕಡೆಗೇ ಕೊಡ ಹಿಡಿದು ನಡೆದದ್ದನ್ನು ಆಜೋಬಾ ನೆನೆದರು. ಅವರಿಗಾಗ ಇಪ್ಪತ್ತರ ಆಸುಪಾಸು.

ಹೌದಿನ ನೀರಿಗೆ ದುಡ್ಡಿರಲಿಲ್ಲ, ಆದರೆ ಎಲ್ಲರಿಗೂ ಅದು ಸಿಗುತ್ತಿರಲಿಲ್ಲ ಎಂಬುದನ್ನೂ ಅವರೇ ಹೇಳಿದರು. ಇದೇ ಊರಿನ ಜೋತಿರಾವ್ ಫುಲೆ 1868ರಲ್ಲಿ ತಮ್ಮ ಮನೆಯ ಹೌದನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ಆ ಹೌದಿನ ಎದುರು ನಿಂತಾಗಲೆಲ್ಲ ನನಗೆ ಮೈ ಝುಂ ಎನ್ನುತ್ತದೆ. ನೀರಿನ ವಿಷಯದಲ್ಲಿ ಈ ಊರಿನಲ್ಲಿ ನಡೆದ ದೊಡ್ಡ ಕೆಲಸ ಯಾವುದು ಎಂದರೆ ನಾನು ಕಾತ್ರಜದ ಕಾಲುವೆಯನ್ನು ಹೇಳುವುದಿಲ್ಲ, ಆ ಹೌದು ತೆರೆದದ್ದನ್ನು ಹೇಳುತ್ತೇನೆ. ನೀರು ಕೊಟ್ಟವರನ್ನು ನಮ್ಮ ಕಡೆಯೂ ಮರೆತಿಲ್ಲ. ನಮ್ಮ ಶಾಸನಗಳಲ್ಲಿ ಅರವಟ್ಟಿಗೆ ಇಟ್ಟವರ, ಅದಕ್ಕೆ ಭೂಮಿ ಬಿಟ್ಟವರ ಹೆಸರುಗಳಿವೆ. ಅರವಟ್ಟಿಗೆಗೆ ಇಲ್ಲಿ ಪಾಣಪೋಯಿ ಎನ್ನುತ್ತಾರೆ. ಏಪ್ರಿಲ್ ಬಂದರೆ ಗಣೇಶ ಮಂಡಳಗಳು ರಸ್ತೆಯ ಅಂಚಿಗೆ ಕೆಂಪು ಅರಿವೆ ಸುತ್ತಿದ ಮಾಠ ಸಾಲಾಗಿ ಇಡುತ್ತವೆ. ಒಂದು ಡೋಣಿ ಹಕ್ಕಿಗಳಿಗೂ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಮೆಲ್ಲಗೆ ಕೇಳಿದ, "ಹಂಗಾದ್ರ ಇದು ಮಾರ್ತೈತಿಲ್ರಿ ಕಾಕಾ?" ಅವನು ಮೂರು ಲಕ್ಷ ಡಿಪಾಜಿಟ್ಟು ಇಡಬೇಕಿತ್ತು. ಅದರಲ್ಲಿ ಅರ್ಧ ಅವನ ಹೆಂಡತಿಯ ಬಂಗಾರದ್ದು. ಹಾಗಾಗಿ ನಾವು ಲೆಕ್ಕಕ್ಕೆ ಕೂತೆವು.

ಬಾಟಲಿಗೆ ಗಿರಾಕಿ ಕೊಡಬೇಕಾದದ್ದು 90 ರೂಪಾಯಿ. ಅಂಗಡಿಗೆ 68ಕ್ಕೆ ಹೋಗಬೇಕು, ಇವನಿಗೆ ಬರುವುದು 52ಕ್ಕೆ. ಬಾಟಲಿಗೆ 16 ರೂಪಾಯಿ ಉಳಿಯಿತು ಅನ್ನಿ. ಅದರಲ್ಲಿ ಟೆಂಪೋ, ಹಮಾಲಿ, ಒಡೆದ ಗಾಜು, ಉದ್ರಿ ಎಲ್ಲ ಕಳೆಯಬೇಕು. ಒಂದು ಪೆಟ್ಟಿಗೆಯಲ್ಲಿ ನೀರು 9 ಕಿಲೋ, ಗಾಜು ಸುಮಾರು 6 ಕಿಲೋ. ಈ ಪೇಠದ ಓಣಿಗಳಲ್ಲಿ ಟೆಂಪೋ ನಿಲ್ಲಿಸಲು ಜಾಗವಿಲ್ಲ. ಹೆಗಲ ಮೇಲೆ ಹೊರಬೇಕು. 52 ರೂಪಾಯಿಯಲ್ಲಿ ಗಾಜು, ಮುಚ್ಚಳ, ಲೇಬಲ್, ಸಾಗಣೆ, ಜಾಹೀರಾತಿನ ಪಾಲು ತೆಗೆದರೆ ನೀರಿನ ಪಾಲಿಗೆ ಪೈಸೆಗಳು ಉಳಿಯುತ್ತವೆ.

ಹಾಗಂತ ನೀರಿನ ವ್ಯಾಪಾರ ಸಣ್ಣದಲ್ಲ. 1965ರಲ್ಲಿ ಇಟಲಿಯ ಹೆಸರಿನ ಬಿಸ್ಲೇರಿ ಮುಂಬೈಯಲ್ಲಿ ಗಾಜಿನ ಬಾಟಲಿಯಲ್ಲಿ ನೀರು ಮಾರಲು ನಿಂತಾಗ, ನೀರಿಗೂ ದುಡ್ಡೇ ಎಂದು ಜನ ಬೆರಗಾದರು. 1969ರಲ್ಲಿ ಪಾರ್ಲೆಯ ಚೌಹಾಣರು ಅದನ್ನು 4 ಲಕ್ಷ ರೂಪಾಯಿಗೆ ಕೊಂಡರು. 2022ರ ಕೊನೆಗೆ ಅದೇ ಕಂಪನಿಯನ್ನು ಟಾಟಾದವರಿಗೆ ಕೊಡುವ ಮಾತು ನಡೆದಾಗ ಪತ್ರಿಕೆಗಳಲ್ಲಿ ಬಂದ ಅಂದಾಜು 7,000 ಕೋಟಿ. ಆ ಮಾತು ಮರು ವರ್ಷ ಮುರಿದುಬಿತ್ತು, ಅದು ಬೇರೆ ವಿಷಯ. ಟಾಟಾದವರ ಕೈಯಲ್ಲಿ ಆಗಲೇ ಹಿಮಾಲಯನ್ ಇತ್ತು, ಬಿಸ್ಲೇರಿಯವರಿಗೆ ವೇದಿಕಾ. ಎರಡೂ ದುಬಾರಿ ನೀರು, ಎರಡೂ ಹಿಮಾಲಯದ ಹೆಸರು ಹೇಳಿ ಮಾರುವ ನೀರು. 2025ರ ಸೆಪ್ಟೆಂಬರ್ 22ರಿಂದ ಬಾಟಲಿ ನೀರಿನ ಜಿಎಸ್‌ಟಿ 18ರಿಂದ 5 ಪ್ರತಿಶತಕ್ಕೆ ಇಳಿಯಿತು. ರೈಲ್ವೆಯ ರೈಲ್ ನೀರ್ 15 ರೂಪಾಯಿಯಿಂದ 14ಕ್ಕೆ ಬಂತು. ಹೋಟೆಲಿನವರು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ತಪ್ಪಲ್ಲ ಎಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಹಾಗಾಗಿ 90ರ ಬಾಟಲಿ ದೊಡ್ಡ ಹೋಟೆಲಿನ ಮೇಜಿನ ಮೇಲೆ ಎಷ್ಟಕ್ಕೂ ಹೋಗಬಹುದು. ಕೋರೆಗಾವ್ ಪಾರ್ಕಿನಲ್ಲಿ, ಹಿಂಜವಡಿಯ ಕಂಪನಿಗಳ ಮೀಟಿಂಗ್ ಕೋಣೆಗಳಲ್ಲಿ ಇದು ಮಾರುತ್ತದೆ, ನನಗೆ ಅನುಮಾನವಿಲ್ಲ. ಅಲ್ಲಿ ಬಾಟಲಿ ಬಂದವರಿಗೆ ಮಾಡುವ ಮರ್ಯಾದೆಯ ಭಾಗ.

ಸದಾಶಿವ ಪೇಠದ ಮಾತು ಬೇರೆ. ಇಲ್ಲಿ ಮೇಲಂತಸ್ತಿನ ಹುಡುಗರು ನಾಲ್ವರು ಕೂಡಿ ಒಂದು ಕ್ಯಾನು ತರಿಸುತ್ತಾರೆ. 90 ರೂಪಾಯಿಗೆ ಅವರದು ಒಂದು ಹೊತ್ತಿನ ಊಟ. ಹಳಬರ ಮನೆಯಲ್ಲಿ ಮಾಠ ಇದೆ. ಮಂಗಲ ಕಾರ್ಯಾಲಯಗಳಲ್ಲಿ ಪಂಕ್ತಿಗೆ ಅಂಗೈಯಷ್ಟು ಪ್ಲಾಸ್ಟಿಕ್ ಬಾಟಲಿ. ಇನ್ನು ಹೋಟೆಲು. ಪುಣೆಯ ಹೋಟೆಲುಗಳಲ್ಲಿ ಕೂತ ಕೂಡಲೇ ಸ್ಟೀಲ್ ಲೋಟದಲ್ಲಿ ನೀರು ತಂದಿಡುವ ರೂಢಿಗೆ ನಮ್ಮ ಉಡುಪಿ ಕಡೆಯವರ ಕೈ ದೊಡ್ಡದು. ಫರ್ಗ್ಯೂಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಕಟ್ಟಿದ ಜಗನ್ನಾಥ ಶೆಟ್ಟರೂ ಆ ಕಡೆಯವರೇ. ಏನು ಬೇಕು ಎಂದು ಕೇಳುವ ಮೊದಲು ನೀರು. ನಮ್ಮ ಅಜ್ಜಿಯ ಕ್ರಮ ಅದು. ಆ ಲೋಟ ಇರುವ ಮೇಜಿನ ಮೇಲೆ ಬಾಟಲಿ ಮಾರುವುದು ಸುಲಭವಲ್ಲ, ಸುಲಭವಾಗಲೂ ಬಾರದು ಎಂದು ನನ್ನ ಮನಸ್ಸು ಹೇಳುತ್ತದೆ.

ಆದರೂ ಇಲ್ಲಿ ಒಂದು ಬಗೆಯ ಗಿರಾಕಿ ಇದ್ದಾರೆ, ಆಜೋಬಾರಂಥವರು. ಅವರು ಒಳ್ಳೆಯ ವಸ್ತುವಿಗೆ ದುಡ್ಡು ಕೊಡುತ್ತಾರೆ. ಮಾವು ಕೊಳ್ಳುವಾಗ ದೇವಗಡದ್ದೋ ರತ್ನಾಗಿರಿಯದ್ದೋ ಎಂದು ಕೇಳಿ, ಮೂಸಿ, ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ. ಊರು ಹೇಳಿದರೆ ನಂಬುತ್ತಾರೆ. ಹೇಳಿದ್ದು ಸುಳ್ಳಾದರೆ ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುವುದಿಲ್ಲ.

ಜಗತ್ತಿನ ದೊಡ್ಡ ಕಂಪನಿಗಳೂ ಮುಗ್ಗರಿಸಿದ್ದು ಇದೇ ಕಲ್ಲಿಗೆ. 2004ರಲ್ಲಿ ಕೋಕಾ ಕೋಲಾ ಬ್ರಿಟನ್ನಿನಲ್ಲಿ ದಸಾನಿ ನೀರು ತಂದಿತು. ಅದು ಲಂಡನ್ನಿನ ಅಂಚಿನ ಸಿಡ್‌ಕಪ್ಪಿನ ನಳದ ನೀರನ್ನೇ ಶುದ್ಧ ಮಾಡಿದ್ದು ಎಂದು ಪತ್ರಿಕೆಗಳು ಬರೆದವು. ಅದರ ಬೆನ್ನಿಗೇ ಬ್ರೋಮೇಟ್ ಮಿತಿ ಮೀರಿದ್ದು ಗೊತ್ತಾಗಿ ವಾರಗಳೊಳಗೆ ಮಾರುಕಟ್ಟೆಯಿಂದ ಎದ್ದುಹೋಯಿತು. 1990ರಲ್ಲಿ ಫ್ರಾನ್ಸಿನ ಪೆರಿಯೇ ನೀರಿನಲ್ಲಿ ಬೆಂಜೀನ್ ಅಂಶ ಸಿಕ್ಕಿ 16 ಕೋಟಿ ಬಾಟಲಿ ವಾಪಸು ಕರೆಸಬೇಕಾಯಿತು. 2024ರಲ್ಲಿ ನೆಸ್ಲೆ, ಫ್ರಾನ್ಸಿನಲ್ಲಿ ತನ್ನ ನೈಸರ್ಗಿಕ ನೀರುಗಳಿಗೆ ಅಲ್ಲಿಯ ಕಾಯ್ದೆ ಒಪ್ಪದ ಶೋಧನೆ ಮಾಡಿದ್ದನ್ನು ಒಪ್ಪಿಕೊಂಡಿತು. ಸೋಸಿದ ನೀರು ಕುಡಿದರೆ ಯಾರೂ ಸಾಯುವುದಿಲ್ಲ. ಕೊಟ್ಟ ದುಡ್ಡು ಮಾತ್ರ ಒರತೆಯ ಹೆಸರಿಗೆ ಕೊಟ್ಟದ್ದು.

"ನೀ ಡಿಪಾಜಿಟ್ಟ ಇಡೋದಕ್ಕಿಂತ ಮೊದಲ ಆ ಊರಿಗೆ ಹೋಗಿ ಬಾ" ಅಂದೆ. ಆಜೋಬಾ ಬಾಟಲಿಯ ಹಿಂಬದಿಯ ವಿಳಾಸವನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಮರುದಿನ ನಸುಕಿನಲ್ಲೇ ಹುಡುಗ ಎಸ್‌ಟಿ ಬಸ್ಸು ಹಿಡಿದ.

ರಾತ್ರಿ ಒಂಬತ್ತಕ್ಕೆ ತಿರುಗಿ ಬಂದ. ಹೆಂಡತಿ ಹರವಿಯ ನೀರು ಕೊಟ್ಟಳು, ಒಂದೇ ಉಸಿರಿಗೆ ಕುಡಿದ. ಊರಿನ ಹೆಸರು ಹೇಳಿದ. ಇಲ್ಲಿ ಬರೆದರೆ ಕಂಪನಿಯ ಗುರುತಾದೀತು, ಬೇಡ. ಅಲ್ಲಿ ಬೆಟ್ಟವಿಲ್ಲ, ಬಯಲು; ಕಬ್ಬು, ಈರುಳ್ಳಿ. ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ ಕಾರ್ಖಾನೆ, ಒಳಗೊಂದು ಕೊಳವೆಬಾವಿ. ಆದರೆ ಒಳಗೆ ಎಲ್ಲ ಚೊಕ್ಕಟವಿತ್ತು ಎಂದು ಒತ್ತಿ ಹೇಳಿದ. ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಂಡ ಹೆಣ್ಣುಮಕ್ಕಳು ಒಂದೊಂದು ಬಾಟಲಿಯನ್ನೂ ಬಿಳಿ ದೀಪದ ಮುಂದೆ ಹಿಡಿದು ನೋಡಿ ಮುಂದಕ್ಕೆ ಬಿಡುತ್ತಿದ್ದರಂತೆ. ಪ್ರಯೋಗಶಾಲೆಯ ಹುಡುಗ ಆ ದಿನದ ತಪಾಸಣೆಯ ಪುಸ್ತಕ ತೆರೆದು ತೋರಿಸಿದನಂತೆ.

"ನೀರ ಛಲೋ ಐತ್ರಿ ಕಾಕಾ. ಚಿತ್ರ ಅಷ್ಟ ಸುಳ್ಳ ಐತಿ" ಅಂದ.

ಮಾಲೀಕರಿಗೆ ಅದನ್ನೇ ಹೇಳಿ ಬಂದಿದ್ದ. ಬೆಟ್ಟ ತೆಗೀರಿ, ಊರ ಹೆಸರು ದೊಡ್ಡದಾಗಿ ಹಾಕ್ರಿ, ಹೆಂಗ ಶುದ್ಧ ಮಾಡ್ತೀರಿ ಅನ್ನೋದು ಬರೀರಿ. ಹಂಗಾದ್ರ ನಾ ಮಾರ್ತೀನಿ, ಸದಾಶಿವ ಪೇಠದಾಗೂ ಮಾರ್ತೀನಿ. ಅವರು ನಕ್ಕಿಲ್ಲ, ಬೈದಿಲ್ಲ. ವಿಚಾರ ಮಾಡ್ತೀವಿ ಅಂದರಂತೆ. ಮೂರು ಲಕ್ಷ ಸದ್ಯ ಗದಗದ ಬ್ಯಾಂಕಿನಲ್ಲೇ ಇದೆ.

ಊಟಕ್ಕೆ ಕೂತಾಗ ಅವನಿಗೆ ಇನ್ನೊಂದು ನೆನಪಾಯಿತು. ಬೆಳಿಗ್ಗೆ ಕಾರ್ಖಾನೆಯ ಗೇಟಿನ ಹೊರಗೆ ಒಂದು ತಾಸು ಕಾಯಿಸಿದರಂತೆ. ಬಿಸಿಲು. ಒಳಗೆ ಸಾವಿರಗಟ್ಟಲೆ ಬಾಟಲಿ, ಹೊರಗೆ ಇವನಿಗೆ ಬಾಯಿ ಒಣಗಿತ್ತು. ಎದುರಿನ ಹೊಲದ ಮನೆಯಿಂದ ಒಬ್ಬ ಮುದುಕಿ ಇವನನ್ನು ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ರಸ್ತೆ ದಾಟಿ ಬಂದಳು. ಕೈಯಲ್ಲಿ ಸ್ಟೀಲಿನ ತಂಬಿಗೆ, ಇನ್ನೊಂದು ಕೈಯ ಮುಷ್ಟಿಯಲ್ಲಿ ಒಂದು ಚೂರು ಬೆಲ್ಲ. ಅದೂ ಅದೇ ನೆಲದ ನೀರು. ಇವನು ಕುಡಿದು ತಂಬಿಗೆ ಕೆಳಗಿಡುವ ತನಕ ಆಕೆ ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಗಾವ್ ಕುಠಲಂ, ಬಾಳಾ?"